ಕಾಲಹರಣವೂ ಕಾಲಕ್ಷೇಪವೂ

ಆಸ್ತಿಕ ಬಂಧುಗಳ ಬಾಯಲ್ಲಿ ಈಚಿನ ದಿನಗಳಲ್ಲಿ ಹರಿನಾಮಕ್ಕಿಂತಲೂ ಹೆಚ್ಚಾಗಿ ಕೇಳಿಬರುವ ಮಾತೊಂದಿದ್ದರೆ ಅದು 'ಪುರುಸೊತ್ತಿಲ್ಲ' ಎಂಬುದು. ಮಂಗಳಾರತಿ ಮುಗಿಯುವುದೇ ತಡ, ತೀರ್ಥಕ್ಕೆ ಬಲಗೈಯೊಡ್ಡಿ ಎಡಗೈಯಲ್ಲಿ ಗಾಡಿಯ ಬೀಗದ ಕೈ ಹಿಡಿದು ನಿಂತವರನ್ನು ಕೇಳಿದರೂ ಇದೇ ಉತ್ತರ. ನಿವೃತ್ತರಾಗಿ ಮನೆಯಲ್ಲಿರುವ ಹಿರಿಯರನ್ನು ಕೇಳಿದರೂ ಇದೇ ಉತ್ತರ. ಐದನೆಯ ತರಗತಿಯಲ್ಲಿ ಓದುವ ಬಾಲಕನನ್ನು ಕೇಳಿದರೂ ಅವನದೂ ಅದೇ ಉತ್ತರ.

ಯಲಹಂಕದಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೇಲೆ ಹಾದು ಕೋಲಾರ, ಬಂಗಾರಪೇಟೆಗಳವರೆಗೆ ಒಂದು ಕಾಲದಲ್ಲಿ ನ್ಯಾರೋಗೇಜ್ ಹಳಿಯ ಪುಟ್ಟ ರೈಲು ಓಡುತ್ತಿದ್ದುದನ್ನು ಹಿರಿಯರು ಬಲ್ಲರು. ಅದರ ನಿಧಾನವು ನಮ್ಮ ಮನೆಗಳಲ್ಲಿ ಹಾಸ್ಯದ ವಸ್ತುವಾಗಿತ್ತು. ಈಗ ಆ ಹಳಿಗಳಿಲ್ಲ. 2013ರಲ್ಲಿ ಚಿಕ್ಕಬಳ್ಳಾಪುರ ಕೋಲಾರಗಳ ನಡುವೆ ಬ್ರಾಡ್‌ಗೇಜ್ ಮಾರ್ಗವು ತೆರೆಯಿತು. ರಸ್ತೆಗಳು ಅಗಲವಾದವು. ಬಾವಿಯಿಂದ ನೀರು ಸೇದುವ ಕೆಲಸ ತಪ್ಪಿತು, ಒರಳುಕಲ್ಲಿನ ಕೆಲಸ ತಪ್ಪಿತು, ಸೌದೆ ಒಲೆಯ ಮುಂದೆ ಕಣ್ಣುಜ್ಜುವುದೂ ತಪ್ಪಿತು. ಹೀಗೆ ದಿನಕ್ಕೆ ಎರಡು ಮೂರು ಗಂಟೆಗಳಾದರೂ ಉಳಿದಿರಬೇಕಷ್ಟೆ. ಉಳಿದ ಆ ಕಾಲವು ಎಲ್ಲಿ ಹೋಯಿತು? ಸೇದುವ ಬಾವಿಯ ಕಾಲದಲ್ಲಿ ಸಂಜೆ ಜಗಲಿಯ ಮೇಲೆ ಕುಳಿತು ಪುರಾಣ ಕೇಳುವಷ್ಟು ಬಿಡುವಿದ್ದವರಿಗೆ ಕೊಳಾಯಿ ಬಂದ ಮೇಲೆ ಬಿಡುವಿಲ್ಲದಂತಾದುದು ಹೇಗೆ? ಈ ಪ್ರಶ್ನೆಯನ್ನು ಕೇವಲ ಅನುಕೂಲದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಇದು ಧರ್ಮದ ಪ್ರಶ್ನೆಯೆಂದೇ ನನ್ನ ತಿಳಿವಳಿಕೆ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಮುಂದಿಡೋಣ. ಮನುಷ್ಯಜನ್ಮವು ದುರ್ಲಭವಾದುದು, ಆಯುಸ್ಸು ಅಲ್ಪವಾದುದು. ಇದರಲ್ಲಿ ಒಂದು ಭಾಗ ನಿದ್ರೆಗೂ ಒಂದು ಭಾಗ ಹೊಟ್ಟೆಪಾಡಿಗೂ ಹೋದ ಮೇಲೆ ಉಳಿಯುವ ಅಲ್ಪಕಾಲವನ್ನು ಸಾಧನೆಗಲ್ಲದೆ ವಿನೋದಕ್ಕೆ ಕೊಡುವುದು ಪ್ರಮಾದವಲ್ಲವೇ ಎಂದು ಶ್ರದ್ಧಾಳುಗಳು ಕೇಳುತ್ತಾರೆ. ಲೌಕಿಕರು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ. ನಮ್ಮ ಸೀಮೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ನೂರು ವರ್ಷ ತುಂಬಿದ ಬಾಳನ್ನು ಬಾಳಿ, 1962ರಲ್ಲಿ ತೀರಿಕೊಂಡ ವಿಶ್ವೇಶ್ವರಯ್ಯನವರ ಹೆಸರನ್ನೆತ್ತಿ, ದುಡಿಮೆಯೇ ಪೂಜೆ, ವಿರಾಮವು ಸೋಮಾರಿಗಳ ಆಶ್ರಯವೆಂದು ಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ಶಿಸ್ತೆಂದರೆ ಕೆಲಸವನ್ನು ಹೊತ್ತಿಗೆ ಸರಿಯಾಗಿ ಆರಂಭಿಸುವುದು ಮಾತ್ರವಲ್ಲ, ಹೊತ್ತಿಗೆ ಸರಿಯಾಗಿ ಮುಗಿಸುವುದೂ ಹೌದು ಎಂಬುದನ್ನು ಎರಡನೆಯವರು ಮರೆಯುತ್ತಾರೆ. ಶಾಸ್ತ್ರವೇ ವಿರಾಮಕ್ಕೆ ಸ್ಥಾನವನ್ನು ಕೊಟ್ಟಿದೆಯೆಂಬುದನ್ನು ಮೊದಲನೆಯವರು ಮರೆಯುತ್ತಾರೆ.

ಆ ಸ್ಥಾನ ಯಾವುದು? ಗೀತೆಯ ಆರನೆಯ ಅಧ್ಯಾಯದಲ್ಲಿ ಯೋಗಸಾಧಕನ ನಡವಳಿಕೆಯನ್ನು ಹೇಳುವಾಗ ಭಗವಂತನು ಆಹಾರದ ಜೊತೆಯಲ್ಲಿಯೇ ವಿಹಾರವನ್ನೂ ಹೇಳಿದ್ದಾನೆ. ಎರಡನ್ನೂ ಬಿಡಬೇಕೆಂದಲ್ಲ, ಎರಡೂ ಹಿತಮಿತವಾಗಿರಬೇಕೆಂದೇ ಅಲ್ಲಿನ ತಾತ್ಪರ್ಯ. ಇನ್ನು ದಕ್ಷಸ್ಮೃತಿಯನ್ನು ನೋಡೋಣ. ಅದು ಗೃಹಸ್ಥನ ಹಗಲನ್ನು ಎಂಟು ಭಾಗ ಮಾಡುತ್ತದೆ. ಒಂದೊಂದು ಭಾಗವೂ ಸುಮಾರು ಒಂದೂವರೆ ಗಂಟೆಯಾಗುತ್ತದೆ. ದೇವಕಾರ್ಯ, ವೇದಾಭ್ಯಾಸ, ಸ್ನಾನ, ವೈಶ್ವದೇವ, ಭೋಜನ ಮುಂತಾದುವನ್ನು ಆಯಾ ಭಾಗಗಳಲ್ಲಿ ಹಂಚಿ, ಕುಟುಂಬಪೋಷಣೆಗೆ ಬೇಕಾದ ಸಂಪಾದನೆಗೆ ಮೂರನೆಯ ಭಾಗವೊಂದನ್ನು ಮಾತ್ರ ಕೊಟ್ಟು, ಊಟವಾದ ಮೇಲಿನ ಆರು ಮತ್ತು ಏಳನೆಯ ಎರಡು ಭಾಗಗಳನ್ನು ಇತಿಹಾಸ ಪುರಾಣಗಳ ಶ್ರವಣಕ್ಕೆ ಮೀಸಲಾಗಿಟ್ಟಿದೆ. ಇಂದು ಬೆಳಗಿನ ಆರು ಗಂಟೆಗೆ ಬೆಂಗಳೂರಿನ ಬಸ್ಸು ಹಿಡಿಯುವ ಗೌರಿಬಿದನೂರಿನ ಗೃಹಸ್ಥನು ಒಂದೂವರೆ ಗಂಟೆಯ ಸಂಪಾದನೆಯಲ್ಲಿ ಸಂಸಾರ ನಡೆಸಲಾರನು. ಆ ಮಾತನ್ನು ನಾನು ಹೇಳುವುದಿಲ್ಲ. ಆದರೆ ಸ್ಮೃತಿಕಾರರು ಬಿಡುವನ್ನು ಎಲ್ಲ ಕೆಲಸ ಮುಗಿದ ಮೇಲೆ ಉಳಿದರೆ ಸಿಗುವ ಪದಾರ್ಥವೆಂದು ಬಗೆಯಲಿಲ್ಲ. ಸಂಧ್ಯಾವಂದನೆಗೆ ಹೊತ್ತಿರುವಂತೆ ಅದಕ್ಕೂ ಒಂದು ಹೊತ್ತನ್ನು ಗೊತ್ತುಪಡಿಸಿದರು. ಇದು ಗಮನಿಸತಕ್ಕ ಅಂಶ.

ಪಾಠಶಾಲೆಯಲ್ಲಿ ಓದಿದವರಿಗೆ ಇದರ ಇನ್ನೊಂದು ಮುಖವು ಅನುಭವದಿಂದಲೇ ಗೊತ್ತು. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಯನದ ದಿನಗಳು, ಅಂದು ವೇದಪಾಠವಿಲ್ಲ. ಪಾಠವಿಲ್ಲವೆಂದರೆ ಬೇಕಾದರೆ ಓದಬಹುದೆಂದು ಅರ್ಥವಲ್ಲ, ಓದಕೂಡದೆಂದೇ ಅರ್ಥ. ಉಳಿದ ದಿನಗಳಲ್ಲಿ ಒಂದು ಸ್ವರ ತಪ್ಪಿದರೆ ಹತ್ತು ಸಲ ಹೇಳಿಸುತ್ತಿದ್ದ ನಮ್ಮ ಅಧ್ಯಾಪಕರು, ಪಾಡ್ಯದ ದಿನ ಯಾರಾದರೂ ಮೂಲೆಯಲ್ಲಿ ಕುಳಿತು ಗುಣುಗುಟ್ಟಿದರೆ, "ಇಂದು ಓದಿದರೆ ನಿನ್ನೆ ಓದಿದ್ದೂ ಹೋದೀತು, ಎದ್ದು ಆಚೆಗೆ ಹೋಗು" ಎಂದು ಗದರಿಸುತ್ತಿದ್ದರು. ನಾವು ಬಟ್ಟೆ ಒಗೆದು, ಕಲ್ಯಾಣಿಯಲ್ಲಿ ಈಜಿ, ಚಿಣ್ಣಿದಾಂಡು ಆಡಿ ಹಿಂದಿರುಗುತ್ತಿದ್ದೆವು. ಮರುದಿನ ಬಾಯಿಗೆ ಬಾರದಿದ್ದ ಭಾಗವು ತಾನಾಗಿ ಬಾಯಿಗೆ ಬರುತ್ತಿದ್ದುದು ಆಗ ಆಶ್ಚರ್ಯವಾಗಿ ತೋರುತ್ತಿತ್ತು. ಸುಂದರಕಾಂಡದಲ್ಲಿ ಹನುಮಂತದೇವರು ಅಶೋಕವನದಲ್ಲಿ ಕೃಶಳಾಗಿ ತೋರಿದ ಸೀತಾದೇವಿಯನ್ನು ಪಾಡ್ಯದಂದು ಓದುವವನ ವಿದ್ಯೆಗೆ ಹೋಲಿಸಿ ಹೇಳುವ ಪ್ರಸಂಗವನ್ನು ವಾಚಕರು ಬಲ್ಲರು. ವಿರಾಮವಿಲ್ಲದ ವಿದ್ಯೆಯು ಬೆಳೆಯುವುದಿಲ್ಲ, ಸೊರಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಸುಮಧ್ವವಿಜಯವನ್ನು ಮನೆಯಲ್ಲಿ ಪಾರಾಯಣ ಮಾಡುವವರಿಗೆ ಇನ್ನೊಂದು ವಿಷಯವನ್ನು ಜ್ಞಾಪಿಸಬೇಕಾದುದಿಲ್ಲ. ಶ್ರೀಮದಾಚಾರ್ಯರ ಬಾಲ್ಯವನ್ನು ವರ್ಣಿಸುವಾಗ ನಾರಾಯಣಪಂಡಿತಾಚಾರ್ಯರು ಗೆಳೆಯರೊಡನೆ ಅವರ ಓಟವನ್ನೂ ಮಲ್ಲಯುದ್ಧವನ್ನೂ ಜಲಕ್ರೀಡೆಯನ್ನೂ ಮುಚ್ಚಿಡಲಿಲ್ಲ. ಬಾಲಕನು ಪಾಠದ ಕಡೆ ಗಮನ ಕೊಡುವುದಿಲ್ಲವೆಂದು ಗುರುವು ಅಸಮಾಧಾನಪಟ್ಟುದನ್ನೂ ಮುಚ್ಚಿಡಲಿಲ್ಲ. ಆಟವು ಮಹಾತ್ಮರ ಚರಿತ್ರೆಗೆ ಕಳಂಕವೆಂದು ಕವಿಗೆ ತೋರಿದ್ದರೆ ಅದನ್ನು ಬಿಟ್ಟುಬಿಡುವುದು ಅವರಿಗೆ ಕಷ್ಟವಾಗಿರಲಿಲ್ಲ.

ಶಾಸ್ತ್ರದಲ್ಲಿ ಹೇಳಿದ್ದನ್ನು ಕಣ್ಣಾರೆ ಕಾಣಬೇಕೆಂದಿರುವವರು ಶಿಡ್ಲಘಟ್ಟದ ಸುತ್ತಿನ ಯಾವುದಾದರೊಂದು ರೇಷ್ಮೆಹುಳು ಸಾಕುವ ಮನೆಗೆ ಹೋಗಬಹುದು. ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟುವ ಮುನ್ನ ಮೂರೂವರೆ ವಾರದಷ್ಟು ಕಾಲ ಹಿಪ್ಪುನೇರಳೆ ಸೊಪ್ಪನ್ನು ತಿನ್ನುತ್ತದೆ. ಆದರೆ ನಡುವೆ ನಾಲ್ಕು ಸಲ ತಾನಾಗಿಯೇ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿಕೊಂಡು, ಸುಮಾರು ಒಂದು ಹಗಲು ಒಂದು ರಾತ್ರಿ ಅಲುಗಾಡದೆ ಕುಳಿತುಬಿಡುತ್ತದೆ. ಇದನ್ನು ರೈತರು 'ಜ್ವರ'ವೆಂದು ಕರೆಯುತ್ತಾರೆ. ಹೆಸರು ಜ್ವರವಾದರೂ ಅದು ರೋಗವಲ್ಲ. ಹಳೆಯ ಚರ್ಮವು ಬೆಳೆಯುವ ದೇಹಕ್ಕೆ ಸಾಲದಾಗಲು ಅದನ್ನು ಕಳಚಿ ಹೊಸ ಚರ್ಮವನ್ನು ಪಡೆಯುವ ಕಾಲ. ಆಗ ಬಲ್ಲ ರೈತನು ಸೊಪ್ಪು ಹಾಕುವುದಿಲ್ಲ, ಹಾಸಿಗೆಯನ್ನು ಕದಲಿಸುವುದಿಲ್ಲ. ಸುಣ್ಣದ ಪುಡಿಯನ್ನು ಚಿಮುಕಿಸಿ ಹಾಸಿಗೆಯನ್ನು ಒಣಗಿಸಿ ಸುಮ್ಮನಿರುತ್ತಾನೆ. ಎಲ್ಲ ಹುಳುಗಳೂ ಜ್ವರದಿಂದೆದ್ದ ಮೇಲೆಯೇ ಮತ್ತೆ ಸೊಪ್ಪು. ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಹುಳು ನಾಲ್ಕನೆಯ ಜ್ವರವಾದ ಮೇಲೆಯೇ ತಿನ್ನುತ್ತದೆ. ನೂಲೆಲ್ಲವೂ ಅದರ ಫಲ. ಜ್ವರದ ದಿನಗಳು ವ್ಯರ್ಥವೆಂದು ಅವಸರಪಟ್ಟು ಕದಲಿಸಿದವನಿಗೆ ಸಿಗುವುದು ರೋಗಿಷ್ಠ ಹುಳು, ಜಳ್ಳು ಗೂಡು. ಪಾಡ್ಯದ ವಿದ್ಯೆಯ ಮಾತೂ ಇದೇ ಅಲ್ಲವೇ?

ಇಷ್ಟರಿಂದ ವಿರಾಮವು ಬೇಕೆಂದು ಸಿದ್ಧವಾಯಿತು. ಆದರೆ ಎಂಥ ವಿರಾಮ? ಇಲ್ಲಿ ನಮ್ಮ ಭಾಷೆಯೇ ನಮಗೆ ದಾರಿ ತೋರಿಸುತ್ತದೆ. ಹೊತ್ತು ಕಳೆಯುವುದಕ್ಕೆ ನಮ್ಮಲ್ಲಿ ಎರಡು ಪದಗಳಿವೆ: ಕಾಲಹರಣ, ಕಾಲಕ್ಷೇಪ. ಎರಡಕ್ಕೂ ಅರ್ಥ ಹೆಚ್ಚುಕಡಿಮೆ ಒಂದೇ. ಆದರೂ ಹರಿಕಥೆಗೆ ಹಿರಿಯರು ಕಾಲಕ್ಷೇಪವೆಂದು ಹೆಸರಿಟ್ಟರೇ ಹೊರತು ಕಾಲಹರಣವೆನ್ನಲಿಲ್ಲ. ಒಂದರಲ್ಲಿ ಕಾಲವು ಕಳುವಾಗುತ್ತದೆ. ಇನ್ನೊಂದರಲ್ಲಿ ಕಾಲವನ್ನು ನಾವಾಗಿ ಒಂದೆಡೆ ಇರಿಸುತ್ತೇವೆ.

ಕಳುವಾಗುವುದು ಹೇಗೆಂಬುದಕ್ಕೆ ಚಿಂತಾಮಣಿ ತಾಲ್ಲೂಕಿನ ಕೈವಾರದ ಕಥೆಯೊಂದು ಸಾಕು. ಮಹಾಭಾರತದ ಏಕಚಕ್ರನಗರವೇ ಈ ಕೈವಾರವೆಂದು ನಮ್ಮ ಸೀಮೆಯ ನಂಬಿಕೆ. ಆ ಊರಿನವರು ಬಕಾಸುರನಿಗೆ ಸರದಿಯ ಮೇಲೆ ಒಂದು ಬಂಡಿ ಅನ್ನವನ್ನೂ ಎರಡು ಕೋಣಗಳನ್ನೂ ಜೊತೆಗೆ ಒಬ್ಬ ಮನುಷ್ಯನನ್ನೂ ಕಳುಹಿಸುತ್ತಿದ್ದರಷ್ಟೆ. ಆ ಕಥೆಯಲ್ಲಿ ರಕ್ಕಸನ ಹಸಿವಿಗಿಂತ ಊರವರ ಸರದಿಯೇ ಹೆಚ್ಚು ಭಯಂಕರವೆಂದು ನನಗೆ ತೋರುತ್ತದೆ. ಅವರು ಅದಕ್ಕೆ ಒಗ್ಗಿಹೋಗಿದ್ದರು. ಬಂಡಿ ಹೋಗುವುದೇ ಊರಿನ ವ್ಯವಸ್ಥೆಯಾಗಿತ್ತು. ಇಂದು ರಾತ್ರಿಯೂಟವಾದ ಮೇಲೆ ಮನೆಯ ನಾಲ್ಕು ಜನ ನಾಲ್ಕು ಮೂಲೆಗಳಲ್ಲಿ ಕುಳಿತು, ಅಂಗೈಯಗಲದ ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸುತ್ತ ಹನ್ನೊಂದು ಗಂಟೆ ಮಾಡುವುದನ್ನು ನೋಡುವಾಗ ನನಗೆ ಆ ಬಂಡಿಯ ನೆನಪಾಗುತ್ತದೆ. ದಿನವೂ ಒಂದು ಬಂಡಿ ಕಾಲ ಹೋಗುತ್ತಿದೆ, ಯಾರೂ ಅಳುತ್ತಿಲ್ಲ. ನಾನು ಇದರಿಂದ ಹೊರತಾದವನೆಂದು ಹೇಳಿಕೊಳ್ಳಲಾರೆ. ಪಂಚಾಂಗದಲ್ಲಿ ತಿಥಿ ನೋಡುವುದಕ್ಕೆಂದು ಮೊಬೈಲು ತೆರೆದು, ಮುಕ್ಕಾಲು ಗಂಟೆಯ ಮೇಲೆ ತಿಥಿಯನ್ನು ನೋಡದೆಯೇ ಮುಚ್ಚಿದ ರಾತ್ರಿಗಳು ನನಗೂ ಉಂಟು.

ಹಾಗಾದರೆ ಒಳ್ಳೆಯ ವಿನೋದದ ಲಕ್ಷಣವೇನು? ಭಗವಂತನ ಸೃಷ್ಟಿಯು ಕೇವಲ ಲೀಲೆಯೆಂಬ ಸೂತ್ರದ ಭಾಷ್ಯದಲ್ಲಿ ಶ್ರೀಮದಾಚಾರ್ಯರು ಒಂದು ದೃಷ್ಟಾಂತವನ್ನು ಕೊಡುತ್ತಾರೆ. ಸುಖದ ಉಕ್ಕಿನಿಂದ ಒಬ್ಬನು ಕುಣಿಯುತ್ತಾನೆ, ಹಾಡುತ್ತಾನೆ. ಅದರಿಂದ ಅವನಿಗೆ ಆಗಬೇಕಾದುದು ಏನೂ ಇಲ್ಲ. ಪೂರ್ಣಾನಂದನಾದ ಸ್ವಾಮಿಯ ಸೃಷ್ಟಿಯೂ ಹಾಗೆಯೇ ಎಂಬುದು ಅಲ್ಲಿನ ಭಾವ. ಜೀವನಿಗೆ ಭಗವಂತನೊಡನೆ ಸಾಮ್ಯವನ್ನು ನಾನು ಹೇಳುತ್ತಿಲ್ಲ. ಅಪೂರ್ಣನು ಎಂದಿಗೂ ಅಪೂರ್ಣನೇ. ಆದರೆ ದೃಷ್ಟಾಂತದಲ್ಲಿ ಬಂದವನು ಲೋಕದ ಮನುಷ್ಯನೇ ತಾನೆ? ತುಂಬಿದ ಮನಸ್ಸಿನಿಂದ ಹೊರಡುವ ಆಟವೊಂದು, ಬರಿದಾದ ಮನಸ್ಸನ್ನು ಮರೆಯುವುದಕ್ಕೆ ಆಡುವ ಆಟವೊಂದು. ಮೊದಲನೆಯದು ಮುಗಿದಾಗ ಮನುಷ್ಯನು ಹಗುರಾಗಿ ಏಳುತ್ತಾನೆ, ಎರಡನೆಯದು ಮುಗಿದಾಗ ಭಾರವಾಗಿ ಏಳುತ್ತಾನೆ. ಅಜ್ಜಿಯೊಡನೆ ಆಡುವ ಒಂದು ಚೌಕಾಬಾರ, ಬೃಂದಾವನದ ಮುಂದೆ ನಿಧಾನವಾಗಿ ಹಾಕುವ ರಂಗೋಲಿ, ಮಕ್ಕಳನ್ನು ಕರೆದುಕೊಂಡು ನಂದಿಬೆಟ್ಟದ ಮೆಟ್ಟಿಲು ಹತ್ತುವುದು, ವಿದುರಾಶ್ವತ್ಥಕ್ಕೆ ಹೋಗಿ 1938ರ ಏಪ್ರಿಲ್ 25ರಂದು ಅಲ್ಲಿ ಗುಂಡಿಗೆ ಬಲಿಯಾದವರ ಕಥೆಯನ್ನು ಅವರಿಗೆ ಹೇಳುವುದು, ನಾಲ್ಕು ಜನ ಕೂಡಿ ದೇವರನಾಮ ಹಾಡುವುದು, ಪುರಾಣಶ್ರವಣ, ಇವೆಲ್ಲವೂ ಮೊದಲನೆಯ ಜಾತಿಯವು. ಇವಕ್ಕೆ ಹಣ ಬೇಕಿಲ್ಲ, ಗೊತ್ತಾದ ಹೊತ್ತೊಂದು ಬೇಕು.

ಇಲ್ಲಿಯವರೆಗೆ ಬರೆದುದನ್ನು ನಾನು ಕೆಲವು ವರ್ಷಗಳ ಹಿಂದೆಯೂ ಬರೆಯಬಹುದಾಗಿತ್ತು. ಇನ್ನು ಮುಂದಿನದನ್ನು ಕಲಿತದ್ದು ನಮ್ಮ ಮನೆಯ ಅಡಿಗೆಯ ಕೋಣೆಯ ಬಾಗಿಲಲ್ಲಿ.

ನಮ್ಮ ತಂದೆಯವರು ಅರ್ಚಕರು. ಬುದ್ಧಿ ತಿಳಿದಂದಿನಿಂದ ದೇವಸ್ಥಾನದ ಪ್ರವಚನ ಸಪ್ತಾಹಗಳಲ್ಲಿ ಓಡಾಡಿದವನು ನಾನು. ಚಾಪೆ ಹಾಸುವುದು, ಧ್ವನಿವರ್ಧಕ ಸರಿಪಡಿಸುವುದು, ಆಮೇಲೆ ಮುಂದಿನ ಸಾಲಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುವುದು, ಇದು ನನ್ನ ಪಾಲಿನ ಸಂತೋಷ. ಒಂದು ವರ್ಷ ಭಾಗವತ ಸಪ್ತಾಹದಲ್ಲಿ ಅಂಬರೀಷೋಪಾಖ್ಯಾನವು ಆದ ರಾತ್ರಿ, ಮನೆಗೆ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದಾಗ ನಮ್ಮ ತಾಯಿಯವರು ಕೇಳಿದರು: "ದುರ್ವಾಸರು ಚಕ್ರಕ್ಕೆ ಹೆದರಿ ಲೋಕಲೋಕ ಸುತ್ತುತ್ತಿದ್ದರಲ್ಲ, ಅವರು ತಿರುಗಿ ಬರುವವರೆಗೆ ಆ ರಾಜ ಊಟ ಮಾಡಿದನೇನು?"

ನನಗೆ ನಗು ಬಂದಿತು. ಎಷ್ಟು ಸಲ ಕೇಳಿದ ಕಥೆ! "ನೀವೂ ಅಲ್ಲೇ ಇದ್ದಿರಲ್ಲಮ್ಮ" ಎಂದೆ. "ಇದ್ದೆ. ಮಹಾರಾಜ ನೀರು ಕುಡಿದು ಪಾರಣೆ ಮಾಡಿದನೆನ್ನುವವರೆಗೆ ಕೇಳಿದೆ. ಆಮೇಲೆ ಹುಗ್ಗಿಗೆ ಒಗ್ಗರಣೆ ಆಗಬೇಕಿತ್ತು. ನನಗೆ ಎಲ್ಲ ಕಥೆಗಳೂ ಮೊದಲರ್ಧ ಗೊತ್ತು" ಎಂದರು. ಹೇಳಿದ ಧ್ವನಿಯಲ್ಲಿ ದೂರಿರಲಿಲ್ಲ. ದೂರಿದ್ದರೆ ನಾನು ಏನಾದರೂ ಸಮಾಧಾನ ಹೇಳುತ್ತಿದ್ದೆ.

ನಲವತ್ತು ವರ್ಷ ಮಡಿಯುಟ್ಟು ದೇವಸ್ಥಾನದ ಅಡಿಗೆಯಲ್ಲಿ ನಿಂತವರು ಅವರು ಮತ್ತು ಅವರ ಜೊತೆಯ ಐದಾರು ಮಂದಿ. ನಾವು ಗಂಡಸರು ಮಂಗಳಶ್ಲೋಕ ಕೇಳಿ, ಕಣ್ಣು ತುಂಬಿ, ಎಲೆಯ ಮುಂದೆ ಹೋಗಿ ಕುಳಿತುಕೊಳ್ಳುತ್ತಿದ್ದೆವು. ಎಲೆಗಳು ತುಂಬಿರುತ್ತಿದ್ದವು. ಅವು ತಾವಾಗಿ ತುಂಬುವುವೆಂದು ನಾನು ಭಾವಿಸಿದ್ದೆನೆಂದು ತೋರುತ್ತದೆ. ದೋಷವು ಬೇರೆ ಯಾರದೂ ಅಲ್ಲ, ವ್ಯವಸ್ಥೆ ಮಾಡುತ್ತಿದ್ದ ನನ್ನದೇ.

ಲೋಕವು ವಿರಾಮಕ್ಕಾಗಿ ದೊಡ್ಡ ಹೋರಾಟಗಳನ್ನು ಮಾಡಿದೆ. 1886ರ ಮೇ ತಿಂಗಳಲ್ಲಿ ಶಿಕಾಗೋ ನಗರದ ಕಾರ್ಮಿಕರು ದಿನಕ್ಕೆ ಎಂಟೇ ಗಂಟೆಯ ಕೆಲಸ ಬೇಕೆಂದು ಬೀದಿಗಿಳಿದರು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊಟ್ಟಮೊದಲ ಒಡಂಬಡಿಕೆಯೇ ಎಂಟು ಗಂಟೆಯ ದಿನವನ್ನು ಕುರಿತದ್ದಾಯಿತು. ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯು ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತು. ಅದೇ ವರ್ಷ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ 24ನೆಯ ವಿಧಿಯಲ್ಲಿ ವಿಶ್ರಾಂತಿಯೂ ಬಿಡುವೂ ಪ್ರತಿಯೊಬ್ಬರ ಹಕ್ಕೆಂದು ಸಾರಲಾಯಿತು. ಆದರೆ ಮನೆಯ ಅಡಿಗೆಯ ಕೋಣೆಗೆ ಯಾವ ಕಾಯಿದೆಯೂ ಇಲ್ಲ. ರೇಷ್ಮೆಹುಳುವಿಗೆ ನಾಲ್ಕು ಜ್ವರಗಳ ಬಿಡುವಾದರೂ ಉಂಟು, ಮಧ್ಯರಾತ್ರಿಯಲ್ಲೆದ್ದು ಅದಕ್ಕೆ ಸೊಪ್ಪು ಹಾಕುವ ತಾಯಿಗೆ ಉಂಟೇ? ಅಷ್ಟೇಕೆ, ಏಕಾದಶಿಯಂದು ಒಲೆಗೆ ವಿರಾಮವೆಂದು ನಾವು ಹೇಳುತ್ತೇವೆ. ದ್ವಾದಶಿಯ ಪಾರಣೆಗೆ ಬೆಳಗಿನ ಜಾವ ಮೂರು ಗಂಟೆಗೆ ಎದ್ದು, ಉಪವಾಸದ ಹೊಟ್ಟೆಯಲ್ಲಿಯೇ ಅಡಿಗೆಗೆ ನಿಲ್ಲುವವರು ಯಾರೆಂಬುದನ್ನು ಹೇಳುವುದಿಲ್ಲ.

ಆದುದರಿಂದ ಈ ಲೇಖನದ ಸಿದ್ಧಾಂತವಿಷ್ಟೆ: ಒಬ್ಬರ ದುಡಿಮೆಯನ್ನು ಇಮ್ಮಡಿಸಿ ಪಡೆದ ಬಿಡುವು ವಿಹಾರವಲ್ಲ, ಅದು ಸಾಲ. ಪುರಾಣಶ್ರವಣವೇ ಆದರೂ ಸಾಲವು ಸಾಲವೇ. ಮನೆಯಲ್ಲಿ ಎಲ್ಲರಿಗೂ ಹಂಚಿಬಂದಾಗ ಮಾತ್ರ ಅದು ಕಾಲಕ್ಷೇಪವೆನಿಸುತ್ತದೆ.

ಮರುವರ್ಷದ ಸಪ್ತಾಹದಲ್ಲಿ ನಾವು ಒಂದು ಬದಲಾವಣೆ ಮಾಡಿದೆವು. ಪ್ರವಚನದ ದಿನಗಳಲ್ಲಿ ಹುಗ್ಗಿ, ಪಾಯಸಗಳ ಊಟವನ್ನು ಬಿಟ್ಟು ಕೋಸಂಬರಿ, ಪಾನಕ, ಅವಲಕ್ಕಿಗಳನ್ನು ಮಾತ್ರ ಇಟ್ಟೆವು. ಅವುಗಳನ್ನು ಗಂಡಸರೇ ಮಧ್ಯಾಹ್ನ ಸಿದ್ಧಪಡಿಸತಕ್ಕದ್ದೆಂದು ಗೊತ್ತುಮಾಡಿದೆವು. ಕಡೆಯ ದಿನದ ಸಮಾರಾಧನೆಯೊಂದನ್ನು ಹಿಂದಿನಂತೆಯೇ ಉಳಿಸಿಕೊಂಡೆವು. ಊಟವಿಲ್ಲದಿದ್ದರೆ ಜನ ಬರುವುದಿಲ್ಲವೆಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಅವರ ಮಾತು ಸುಳ್ಳಾಗಲಿಲ್ಲ. ಹಿಂದಿನ ಸಾಲುಗಳು ತೆರವಾದುವು. ಹೆಸರುಬೇಳೆ ನೆನೆಹಾಕುವ ಹೊತ್ತು ತಿಳಿಯದೆ ಮೊದಲ ದಿನ ನಾವು ಕಲ್ಲಿನಂಥ ಕೋಸಂಬರಿಯನ್ನು ಹಂಚಿದುದೂ ಸುಳ್ಳಲ್ಲ. ಆದರೆ ಮುಂದಿನ ಸಾಲಿನಲ್ಲಿ ಆರು ಮಂದಿ ಹೆಂಗಸರು, ಕೆಲವರು ಅರವತ್ತು ದಾಟಿದವರು, ಒಣಗಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮಂಗಳದವರೆಗೆ ಕುಳಿತಿದ್ದರು.

ಆ ವರ್ಷವೂ ಅಂಬರೀಷನ ಕಥೆ ಬಂದಿತು. ಒಂದು ಸಂವತ್ಸರ ಕಾಲ ರಾಜನು ನೀರನ್ನೇ ಆಹಾರವಾಗಿ ಮಾಡಿಕೊಂಡು ಅತಿಥಿಗಾಗಿ ಕಾದಿದ್ದನೆಂದೂ, ದುರ್ವಾಸರು ಬಂದು ಉಂಡ ಮೇಲೆಯೇ ತಾನು ಉಂಡನೆಂದೂ ಆಚಾರ್ಯರು ಹೇಳಿದಾಗ ನಾನು ಹಿಂತಿರುಗಿ ತಾಯಿಯವರ ಮುಖವನ್ನು ನೋಡಿದೆ. ರಾತ್ರಿ ಮನೆಯಲ್ಲಿ ಅವರೇ ಹೇಳಿದರು: "ಹಾಗೇ ಇರಬೇಕೆಂದು ನನಗೆ ಗೊತ್ತಿತ್ತು. ಬಡಿಸುವವರು ಮೊದಲು ಹೇಗೆ ಉಂಡಾರು?"

ವಾಚಕರಲ್ಲಿ ನನ್ನ ವಿಜ್ಞಾಪನೆಯು ದೊಡ್ಡದೇನಲ್ಲ. ಪಾಠಶಾಲೆಗೆ ಪಾಡ್ಯವಿರುವಂತೆ ಪ್ರತಿ ಮನೆಗೂ ಪಕ್ಷಕ್ಕೊಂದು ಸಂಜೆಯಾದರೂ ಅನಧ್ಯಯನವಿರಲಿ. ಅಂದು ಮೊಬೈಲುಗಳು ಗೂಡಿನಲ್ಲಿರಲಿ. ಅಡಿಗೆಯನ್ನು ಮನೆಯ ಗಂಡಸರು ನೋಡಿಕೊಳ್ಳಲಿ, ಇಲ್ಲವೇ ಎಲ್ಲರೂ ಅವಲಕ್ಕಿ ಮೊಸರಿನಲ್ಲಿ ತೃಪ್ತರಾಗಲಿ. ಮನೆಗೆಲಸಕ್ಕೆ ಬರುವವರಿಗೆ ಸಂಬಳ ಕಡಿಯದೆ ಅಂದು ರಜೆ ಕೊಡಲಿ. ಆಮೇಲೆ ಹಾಡಾಗಲಿ, ಚೌಕಾಬಾರವಾಗಲಿ, ಪುರಾಣವಾಗಲಿ, ಮನೆಯಲ್ಲಿ ಅತಿಹೆಚ್ಚು ದುಡಿಯುವವರು ಏನನ್ನು ಬಯಸುವರೋ ಅದು ನಡೆಯಲಿ. ಏನು ಬೇಕೆಂದು ಅವರನ್ನು ಮೊದಲು ಕೇಳುವುದನ್ನು ಮಾತ್ರ ಮರೆಯಬಾರದು. ಬಹುಕಾಲ ಯಾರೂ ಕೇಳದಿದ್ದುದರಿಂದ ಉತ್ತರ ಕೊಡಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಬಹುದು. ಆ ಹೊತ್ತು ಕಾದಿರುವಷ್ಟು ಪುರುಸೊತ್ತನ್ನು ಶ್ರೀಹರಿಯು ನಮಗೆಲ್ಲರಿಗೂ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು